ಅಂತರಜಾಲದಲ್ಲಿ ಕೊಂಡ ಸರಕು ಕಡಿಮೆ ಬಂದಾಗ: ವರ್ತಕರು ತಿಳಿದಿರಬೇಕಾದ ಕಾನೂನು ಮತ್ತು ಲೆಕ್ಕ

ಪೇಟೆಗೆ ಹೋಗಿ ಸರಕನ್ನು ಕೈಯಿಂದ ಮುಟ್ಟಿ ನೋಡಿ, ತೂಗಿಸಿ, ಎಣಿಸಿಕೊಂಡು, ಆ ನಂತರ ಹಣ ಎಣಿಸುವುದು ನಮ್ಮ ಹಿರಿಯ ವರ್ತಕರ ಪದ್ಧತಿಯಾಗಿತ್ತು. ಬೆಂಗಳೂರಿನ ಚಿಕ್ಕಪೇಟೆ, ಮಾಮೂಲುಪೇಟೆಗಳ ಸಗಟು ಅಂಗಡಿಗಳಿಂದ ಸರಕು ತರುತ್ತಿದ್ದ ಜಿಲ್ಲಾ ಕೇಂದ್ರಗಳ ವ್ಯಾಪಾರಿಗಳು ಲಾರಿ ಆಫೀಸಿನಲ್ಲಿ ಮೂಟೆ ಬಿಡಿಸಿಕೊಳ್ಳುವಾಗಲೇ ಮತ್ತೊಮ್ಮೆ ಲೆಕ್ಕ ಹಾಕುತ್ತಿದ್ದರು. ಈಗ ಈ ಕ್ರಮ ತಲೆಕೆಳಗಾಗಿದೆ. ಪ್ಯಾಕಿಂಗ್ ಸಾಮಗ್ರಿ, ಬಿಡಿಭಾಗ, ಸಣ್ಣ ಯಂತ್ರ, ಕಚೇರಿಯ ಕಾಗದ ಮುಂತಾದ ಎಲ್ಲವನ್ನೂ ಜಾಲತಾಣದಲ್ಲಿ ಚಿತ್ರ ನೋಡಿ ಆಯ್ಕೆ ಮಾಡುತ್ತೇವೆ. ಹಣ ಮೊದಲು ಹೋಗುತ್ತದೆ, ಸರಕು ಆಮೇಲೆ ಬರುತ್ತದೆ. ಪೆಟ್ಟಿಗೆ ತೆರೆಯುವವರೆಗೆ ಆ ಸರಕು ಕನ್ನಡಿಯೊಳಗಿನ ಗಂಟೇ ಸರಿ.

ಈ ವಿಧಾನದಿಂದ ಅನುಕೂಲಗಳಿವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಜಾಹೀರಾತಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಸರಕು ಬಂದಾಗ ಏನು ಮಾಡಬೇಕೆಂಬುದು ಬಹುಮಂದಿ ವರ್ತಕರಿಗೆ ಸ್ಪಷ್ಟವಾಗಿಲ್ಲ. 'ಗ್ರಾಹಕ ನ್ಯಾಯಾಲಯಕ್ಕೆ ಹೋದರಾಯಿತು' ಎಂಬುದು ಸಾಮಾನ್ಯ ನಂಬಿಕೆ. ವ್ಯಾಪಾರಕ್ಕಾಗಿ ಕೊಂಡವರ ಮಟ್ಟಿಗೆ ಈ ನಂಬಿಕೆ ಬಹುಪಾಲು ತಪ್ಪು. ಪ್ರಸ್ತುತ ಲೇಖನದಲ್ಲಿ ಇಂತಹ ಸಂದರ್ಭಗಳಲ್ಲಿ ಖರೀದಿದಾರ ವರ್ತಕನಿಗಿರುವ ಹಕ್ಕುಗಳೇನು, ಅವನು ಪಾಲಿಸಬೇಕಾದ ಅವಧಿಗಳಾವುವು, ಲೆಕ್ಕಪುಸ್ತಕದಲ್ಲಿ ಇದನ್ನು ಹೇಗೆ ತೋರಿಸಬೇಕು ಎಂಬುದನ್ನು ವಿವರಿಸಲು ಪ್ರಯತ್ನಿಸಲಾಗಿದೆ.

ಒಂದು ಪ್ರಕರಣ

ನನ್ನ ಕಕ್ಷಿದಾರರೊಬ್ಬರು ಚಟ್ನಿಪುಡಿ, ಸಾಂಬಾರುಪುಡಿಗಳನ್ನು ತಯಾರಿಸಿ ಅಂಗಡಿಗಳಿಗೆ ಒದಗಿಸುವ ಸಣ್ಣ ಉದ್ಯಮಿ. ಆರು ಮಂದಿ ಹೆಣ್ಣುಮಕ್ಕಳು ಅಲ್ಲಿ ಕೆಲಸ ಮಾಡುತ್ತಾರೆ. ದಸರಾ-ದೀಪಾವಳಿಯ ಬೇಡಿಕೆಗೆಂದು ಅವರು ಒಂದು ಜಾಲತಾಣದ ಮೂಲಕ 5,000 ಪೌಚ್‌ಗಳಿಗೆ ಆದೇಶ ನೀಡಿದರು. ಜಾಹೀರಾತಿನಲ್ಲಿ ನಮೂದಾಗಿದ್ದ ದಪ್ಪ 100 ಮೈಕ್ರಾನ್. ದರ ಒಂದಕ್ಕೆ 6 ರೂಪಾಯಿ. ಶೇ. 18ರ ಜಿಎಸ್‌ಟಿ ಸೇರಿ ಒಟ್ಟು 35,400 ರೂಪಾಯಿಗಳನ್ನು ಮುಂಗಡವಾಗಿ ಪಾವತಿಸಿದರು.

ಪೆಟ್ಟಿಗೆಗಳು ಬಂದ ದಿನ ಕೆಲಸದ ಒತ್ತಡವಿತ್ತು. ಹುಡುಗನೊಬ್ಬ ಓಟಿಪಿ ಹೇಳಿ, ಪೆಟ್ಟಿಗೆಗಳನ್ನು ಗೋದಾಮಿನಲ್ಲಿ ಇಟ್ಟ. ಗುಮಾಸ್ತರು ಬಿಲ್ಲಿನಂತೆ 5,000 ಎಂದು ದಾಸ್ತಾನು ಪುಸ್ತಕದಲ್ಲಿ ಬರೆದರು. ಮೂರು ವಾರಗಳ ನಂತರ ಅಂಗಡಿಗಳಿಂದ ದೂರು ಬರತೊಡಗಿತು. ಪೌಚ್‌ಗಳ ಅಂಚು ಬಿಡುತ್ತಿದೆ, ಪುಡಿ ಸೋರುತ್ತಿದೆ, ಪರಿಮಳ ನಿಲ್ಲುತ್ತಿಲ್ಲ ಎಂದು. ಆಗ ಮೈಕ್ರೋಮೀಟರಿನಿಂದ ಅಳೆದರೆ ದಪ್ಪ 75 ಮೈಕ್ರಾನ್ ಮಾತ್ರ. ಉಳಿದದ್ದನ್ನು ಎಣಿಸಿ, ಬಳಸಿದ್ದನ್ನು ಕೂಡಿಸಿ ನೋಡಿದರೆ ಬಂದಿದ್ದದ್ದು 4,400.

23ನೆಯ ದಿನ ಅವರು ದೂರು ನೀಡಿದರು. ಹಿಂದಿರುಗಿಸುವ ಅವಧಿ 7 ದಿನ, ಅದು ಮುಗಿದಿದೆ ಎಂದು ಜಾಲತಾಣದವರು ಉತ್ತರಿಸಿದರು. ನೀವು ಸರಕನ್ನು ಬಳಸಿದ್ದೀರಿ, ಆದ್ದರಿಂದ ಒಪ್ಪಿಕೊಂಡಂತಾಯಿತು ಎಂದು ಮಾರಾಟಗಾರರು ಹೇಳಿದರು. ಕಾಗದಪತ್ರಗಳೊಡನೆ ಅವರು ನನ್ನ ಕಚೇರಿಗೆ ಬಂದಾಗ ಕೈಯಲ್ಲಿದ್ದ ಗಟ್ಟಿ ಸಾಕ್ಷ್ಯ ಒಂದೇ. ಅದು ಪೆಟ್ಟಿಗೆಗಳ ಮೇಲೆ ಅಂಟಿಸಿದ್ದ ಸಾಗಣೆ ಚೀಟಿ. ಹೇಳಿದ ದಪ್ಪದ ಒಂದು ಪೌಚ್ ಸುಮಾರು 8 ಗ್ರಾಂ ತೂಗಬೇಕು; 5,000ಕ್ಕೆ 40 ಕಿಲೋ ಆಗಬೇಕು. ಸಾಗಣೆ ಚೀಟಿಯಲ್ಲಿದ್ದ ಒಟ್ಟು ತೂಕ ಪೆಟ್ಟಿಗೆ ಸಹಿತ 28 ಕಿಲೋ. ಪೂರ್ಣ 5,000 ಪೌಚ್‌ಗಳನ್ನು 75 ಮೈಕ್ರಾನಿನಲ್ಲೇ ಕಳುಹಿಸಿದ್ದರೂ, ಒಂದಕ್ಕೆ 6 ಗ್ರಾಂನಂತೆ 30 ಕಿಲೋ ಆಗಬೇಕಿತ್ತು. ಈ ಲೆಕ್ಕವನ್ನು ಬರೆದು ಕಳುಹಿಸಿದ ಮೇಲೆ ಮಾರಾಟಗಾರರು 600 ಪೌಚ್‌ಗಳ ಹಣವನ್ನು ಹಿಂದಿರುಗಿಸಿದರು. ದಪ್ಪದ ಕೊರತೆಗೆ ಏನೂ ಸಿಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೌಚ್‌ಗಳಲ್ಲಿ ಪುಡಿ ತುಂಬಿಯಾಗಿತ್ತು. ಅಂಗಡಿಯವರಿಂದ ಹಿಂದಿರುಗಿದ ಮಾಲು, ಕಳೆದುಹೋದ ಹಬ್ಬದ ವ್ಯಾಪಾರ ಇವು ಬೇರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಅವರೇ ಹೇಳಿಕೊಂಡರು.

ಈ ಪ್ರಕರಣದಲ್ಲಿ ಕಾನೂನು ಅವರಿಗೆ ವಿರುದ್ಧವಾಗಿರಲಿಲ್ಲ. ಮೊದಲ ದಿನ ಮಾಡಬೇಕಾದ ಅರ್ಧ ಗಂಟೆಯ ಕೆಲಸ ಉಳಿದುಹೋದದ್ದೇ ನಷ್ಟಕ್ಕೆ ಕಾರಣ.

'ಕಡಿಮೆ' ಎಂಬುದರ ಬಗೆಗಳು

ದೂರು ನೀಡುವ ಮುನ್ನ ಯಾವ ಬಗೆಯ ಕೊರತೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮುಖ್ಯವಾಗಿ ನಾಲ್ಕು ಬಗೆಗಳಿವೆ.

1. ಸಂಖ್ಯೆ, ತೂಕ ಅಥವಾ ಅಳತೆಯಲ್ಲಿ ಕೊರತೆ.
2. ಗುಣಮಟ್ಟ ಅಥವಾ ನಮೂದಿತ ಲಕ್ಷಣದಲ್ಲಿ ಕೊರತೆ. ಉದಾಹರಣೆಗೆ ದಪ್ಪ, ಅಶ್ವಶಕ್ತಿ, ಲೋಹದ ದರ್ಜೆ.
3. ಜೊತೆಗೆ ಬರಬೇಕಾದ ಭಾಗಗಳು, ಕೈಪಿಡಿ, ಗ್ಯಾರಂಟಿ ಚೀಟಿ ಇಲ್ಲದಿರುವುದು.
4. ದಾರಿಯಲ್ಲಿ ನಷ್ಟವಾದದ್ದು ಅಥವಾ ಪೆಟ್ಟಿಗೆ ಒಡೆದು ಕಳುವಾದದ್ದು.

ಒಂದೇ ಆದೇಶದ ಸರಕು ಕೆಲವೊಮ್ಮೆ ಎರಡು ಮೂರು ಪೆಟ್ಟಿಗೆಗಳಲ್ಲಿ ಬೇರೆ ಬೇರೆ ದಿನ ಬರುವುದುಂಟು. ಆದ್ದರಿಂದ ಜಾಲತಾಣದ ರವಾನೆ ವಿವರವನ್ನು ನೋಡಿ, ಬಾಕಿ ಪೆಟ್ಟಿಗೆ ಇದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಕೊರತೆ ಎಂದು ಬರೆಯುವುದು ಸೂಕ್ತ. ಹಾಗೆಯೇ ಚಿತ್ರದಲ್ಲಿ ಹತ್ತು ವಸ್ತುಗಳು ಕಂಡರೂ, ವಿವರಣೆಯಲ್ಲಿ 'ಒಂದು' ಎಂದಿದೆಯೇ ಎಂಬುದನ್ನೂ ನೋಡಬೇಕು.

ಸರಕು ಮಾರಾಟ ಕಾಯಿದೆ ಏನು ಹೇಳುತ್ತದೆ

ವರ್ತಕರ ನಡುವಿನ ವ್ಯವಹಾರಕ್ಕೆ ಇಂದಿಗೂ ಆಧಾರ 1930ರ ಸರಕು ಮಾರಾಟ ಕಾಯಿದೆ. ಒಪ್ಪಂದವು ಅಂತರಜಾಲದ ಮೂಲಕ ಆಯಿತೆಂಬ ಒಂದೇ ಕಾರಣದಿಂದ ಅದು ಅಸಿಂಧುವಾಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಕಲಂ 10ಎ ಸ್ಪಷ್ಟಪಡಿಸಿದೆ. ಹೀಗಾಗಿ ಜಾಲತಾಣದ ಖರೀದಿಗೂ ಹಳೆಯ ಕಾಯಿದೆಯ ಈ ಕೆಳಗಿನ ಕಲಮುಗಳು ಅನ್ವಯಿಸುತ್ತವೆ.

ಕಲಂ 15: ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಬೇಕು. ಜಾಲತಾಣದಲ್ಲಿ ಕೊಳ್ಳುವುದೆಲ್ಲ ಬಹುತೇಕ ವಿವರಣೆಯ ಮೇಲಿನ ಖರೀದಿಯೇ. ಆದಕಾರಣ '100 ಮೈಕ್ರಾನ್' ಎಂಬ ಮಾತು ಬರಿಯ ಜಾಹೀರಾತಲ್ಲ, ಕರಾರಿನ ಷರತ್ತು.

ಕಲಂ 37: ಒಪ್ಪಿದ ಪ್ರಮಾಣಕ್ಕಿಂತ ಕಡಿಮೆ ಬಂದರೆ ಖರೀದಿದಾರನು ಇಡೀ ಸರಕನ್ನು ತಿರಸ್ಕರಿಸಬಹುದು. ಬಂದಷ್ಟನ್ನು ಸ್ವೀಕರಿಸಿದರೆ, ಅಷ್ಟಕ್ಕೆ ಕರಾರಿನ ದರದಂತೆ ಹಣ ಕೊಡಬೇಕು.

ಕಲಂ 38: ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕಂತುಗಳಲ್ಲಿ ಬರುವ ಸರಕನ್ನು ಸ್ವೀಕರಿಸಲು ಖರೀದಿದಾರನು ಬದ್ಧನಲ್ಲ.

ಕಲಂ 41: ಸರಕನ್ನು ಪರೀಕ್ಷಿಸಲು ಯುಕ್ತ ಅವಕಾಶ ದೊರೆಯುವವರೆಗೆ ಖರೀದಿದಾರನು ಅದನ್ನು ಒಪ್ಪಿಕೊಂಡನೆಂದು ಭಾವಿಸುವಂತಿಲ್ಲ. ಓಟಿಪಿ ಹೇಳಿ ಪೆಟ್ಟಿಗೆ ತೆಗೆದುಕೊಂಡ ಮಾತ್ರಕ್ಕೆ ಸರಕನ್ನು ಒಪ್ಪಿಕೊಂಡಂತಾಗುವುದಿಲ್ಲ ಎಂದು ವಾದಿಸಲು ಈ ಕಲಂ ನೆರವಾಗುತ್ತದೆ.

ಕಲಂ 42: ಇದು ಅತ್ಯಂತ ಮಹತ್ವದ್ದು. ಒಪ್ಪಿದೆನೆಂದು ತಿಳಿಸಿದರೆ, ಅಥವಾ ಸರಕು ಬಂದ ಮೇಲೆ ಮಾಲೀಕನಂತೆ ಅದನ್ನು ಬಳಸಿದರೆ, ಅಥವಾ ತಿರಸ್ಕರಿಸಿದೆನೆಂದು ತಿಳಿಸದೆ ಯುಕ್ತ ಕಾಲ ಕಳೆಯುವವರೆಗೆ ಇಟ್ಟುಕೊಂಡರೆ, ಖರೀದಿದಾರನು ಸರಕನ್ನು ಒಪ್ಪಿಕೊಂಡಂತೆ. ಮೇಲಿನ ಪ್ರಕರಣದಲ್ಲಿ ನಮ್ಮ ಉದ್ಯಮಿ ಸಿಲುಕಿದ್ದು ಇಲ್ಲಿಯೇ.

ಕಲಂ 43: ತಿರಸ್ಕರಿಸಿದ ಸರಕನ್ನು ಸ್ವಂತ ಖರ್ಚಿನಲ್ಲಿ ಹಿಂದಿರುಗಿಸುವ ಹೊಣೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಖರೀದಿದಾರನದಲ್ಲ. ತಿರಸ್ಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು.

ಒಮ್ಮೆ ಒಪ್ಪಿಕೊಂಡಂತಾದ ಮೇಲೆ ಸರಕನ್ನು ತಿರಸ್ಕರಿಸುವ ಹಕ್ಕು ಹೋಗುತ್ತದೆಯೇ ಹೊರತು ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ. ಕಲಂ 13 ಮತ್ತು 59ರ ಪ್ರಕಾರ ಬೆಲೆಯಲ್ಲಿ ಕಡಿತ ಅಥವಾ ನಷ್ಟಪರಿಹಾರ ಕೇಳಬಹುದು. ನಮ್ಮ ಪ್ರಕರಣದಲ್ಲಿ 75 ಮೈಕ್ರಾನ್ ಪೌಚಿನ ಪೇಟೆ ದರ 4 ರೂಪಾಯಿ 80 ಪೈಸೆ ಎಂದಿಟ್ಟುಕೊಂಡರೆ, 4,400ಕ್ಕೆ ವ್ಯತ್ಯಾಸ 5,280 ರೂಪಾಯಿ. ಇಷ್ಟು ಹಣಕ್ಕಾಗಿ ಬೇರೆ ರಾಜ್ಯದ ಮಾರಾಟಗಾರನ ಮೇಲೆ ದಾವೆ ಹೂಡುವವರು ಯಾರು? ಹಕ್ಕು ಕಾಗದದ ಮೇಲೆ ಉಳಿಯಿತು, ಹಣ ಕೈಗೆ ಬರಲಿಲ್ಲ.

ಇನ್ನೊಂದು ಎಚ್ಚರಿಕೆ. ಕಲಂ 62ರಂತೆ ಈ ಹಕ್ಕುಗಳಲ್ಲಿ ಹಲವನ್ನು ಒಪ್ಪಂದದ ಮೂಲಕ ಬದಲಿಸಿಕೊಳ್ಳಬಹುದು. ನಾವು ಓದದೆ 'ಒಪ್ಪಿದ್ದೇನೆ' ಎಂದು ಒತ್ತುವ ಷರತ್ತುಗಳಲ್ಲಿ ಹಿಂದಿರುಗಿಸುವ ಅವಧಿ, ದೂರು ನೀಡುವ ರೀತಿ, ನ್ಯಾಯಾಲಯದ ಸ್ಥಳ ಎಲ್ಲವೂ ಅಡಗಿರುತ್ತವೆ. ದೊಡ್ಡ ಮೊತ್ತದ ಆದೇಶಕ್ಕೆ ಮುನ್ನ ಈ ಮೂರನ್ನಾದರೂ ಓದಿ, ಮುದ್ರಿಸಿ ಇಟ್ಟುಕೊಳ್ಳಬೇಕು.

ವರ್ತಕನು 'ಗ್ರಾಹಕ'ನೇ?

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅಂತರಜಾಲದ ಖರೀದಿಯೂ ಅದರ ವ್ಯಾಪ್ತಿಗೆ ಒಳಪಟ್ಟಿದೆ. ಆದರೆ ಕಲಂ 2(7)ರ ಪ್ರಕಾರ ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು 'ಗ್ರಾಹಕ'ರಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ಬಳಸುವವರಿಗೆ ವಿನಾಯಿತಿ ಇದೆ.

ಈ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು ಹಿಂದಿನ ಕಾಯಿದೆಯಡಿ, 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ವಿವರಿಸಿದೆ. ಟೈಪ್‌ರೈಟರ್ ಕೊಂಡು ಸ್ವತಃ ಟೈಪ್ ಮಾಡಿ ಬದುಕುವವನು, ಟ್ಯಾಕ್ಸಿ ಕೊಂಡು ಸ್ವತಃ ಓಡಿಸುವವನು ಗ್ರಾಹಕನಾಗಬಲ್ಲ. ದೊಡ್ಡ ಪ್ರಮಾಣದ ತಯಾರಿಕೆಗಾಗಿ ಯಂತ್ರ ಕೊಂಡ ಸಂಸ್ಥೆ ಗ್ರಾಹಕನಲ್ಲ. ಇದನ್ನು ನಮ್ಮ ಸದಸ್ಯರಿಗೆ ಅನ್ವಯಿಸಿದರೆ, ಒಬ್ಬರೇ ಕುಳಿತು ಹೊಲಿಯುವ ದರ್ಜಿ ಕೊಂಡ ಹೊಲಿಗೆ ಯಂತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಇಪ್ಪತ್ತು ಯಂತ್ರ ಕೊಂಡ ಸಿದ್ಧ ಉಡುಪಿನ ಘಟಕಕ್ಕೆ ಆ ಬಾಗಿಲು ತೆರೆಯುವುದು ಕಷ್ಟ. ನಮ್ಮ ಮಸಾಲೆ ಪುಡಿಯ ಉದ್ಯಮಿಗೂ ಅದೇ ತೊಡಕು.

ಗ್ರಾಹಕನ ವ್ಯಾಖ್ಯೆಗೆ ಒಳಪಡುವವರಿಗೆ ದೊರೆಯುವ ಸೌಲಭ್ಯಗಳು ಗಣನೀಯ. ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಪಾವತಿಸಿದ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವೂ ಇದೆ. ಮನೆ ಬಳಕೆಗೆ ಕೊಂಡ ವಸ್ತುವಿಗೆ ವರ್ತಕನೂ ಗ್ರಾಹಕನೇ. ಆದ್ದರಿಂದ ಮನೆಯ ಖರೀದಿಯನ್ನು ಅಂಗಡಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಮಾಡುವ ಅಭ್ಯಾಸ ಬಿಡಬೇಕು. ಹಾಗೆ ಮಾಡಿದರೆ ತೆರಿಗೆಯ ದೃಷ್ಟಿಯಿಂದಲೂ ತಪ್ಪು. ವಾಣಿಜ್ಯ ಉದ್ದೇಶವೆಂದು ಎದುರುವಾದಿ ಹೇಳಲೂ ನಾವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ.

ಎದುರು ಪಕ್ಷ ಯಾರು?

ಜಾಲತಾಣಗಳಲ್ಲಿ ಎರಡು ವಿಧ. ಕೆಲವು ತಮ್ಮದೇ ದಾಸ್ತಾನನ್ನು ಮಾರುತ್ತವೆ. ಹೆಚ್ಚಿನವು ಸಂತೆಯ ಜಾಗದಂತೆ. ಮಾರುವವನು ಬೇರೆ, ಜಾಗ ಕೊಟ್ಟವನು ಬೇರೆ. ಎರಡನೆಯ ವಿಧದಲ್ಲಿ ಮಾರಾಟದ ಕರಾರು ಇರುವುದು ಬಿಲ್ಲಿನಲ್ಲಿ ಹೆಸರಿರುವ ಮಾರಾಟಗಾರನೊಂದಿಗೆ. ಜಾಲತಾಣವು ತಾನು ಮಧ್ಯವರ್ತಿ ಮಾತ್ರ ಎಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ ಕಲಂ 79ರ ರಕ್ಷಣೆ ಕೋರಬಹುದು. ಆದಕಾರಣ ದೂರನ್ನು ಜಾಲತಾಣಕ್ಕೂ ಮಾರಾಟಗಾರನಿಗೂ ಏಕಕಾಲದಲ್ಲಿ ಕಳುಹಿಸಬೇಕು.

2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಗ್ರಾಹಕರ ದೂರು ತಲುಪಿದೆಯೆಂದು ಅವರು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಸರಕಿನಲ್ಲಿ ದೋಷ ಅಥವಾ ಕೊರತೆ ಇದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ, ಮಾರಾಟಗಾರನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಈ ನಿಯಮಗಳು ಗ್ರಾಹಕನಿಗೆ ಸಂಬಂಧಿಸಿದವು ಎಂಬುದು ನಿಜ. ಆದರೂ ವರ್ತಕ ಖರೀದಿದಾರನು ಅದೇ ಅಧಿಕಾರಿಗೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಬಹುಪಾಲು ಸಣ್ಣ ವಿವಾದಗಳು ಈ ಹಂತದಲ್ಲಿಯೇ ಮುಗಿಯುವುದು ನನ್ನ ಅನುಭವ.

ಜಿಎಸ್‌ಟಿ ಮತ್ತು ಲೆಕ್ಕಪುಸ್ತಕ

ಸರಕಿನ ಹಣಕ್ಕಾಗಿ ಹೋರಾಡುವ ವರ್ತಕರು ಮರೆಯುವ ವಿಷಯ ತೆರಿಗೆ. ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 16(2)(ಬಿ) ಪ್ರಕಾರ ಸರಕು ಕೈಸೇರಿದ್ದರೆ ಮಾತ್ರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಬಿಲ್ಲು ಇದೆ, ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಪೂರ್ತಿ ಮೊತ್ತ ಕಾಣುತ್ತಿದೆ ಎಂಬುದು ಸಾಲದು. ಸರಕು ಕಂತುಗಳಲ್ಲಿ ಬರುವುದಾದರೆ ಕೊನೆಯ ಕಂತು ಬಂದ ಮೇಲೆಯೇ ಜಮೆ.

ನಮ್ಮ ಪ್ರಕರಣದಲ್ಲಿ ಬಿಲ್ಲಿನ ತೆರಿಗೆ 5,400 ರೂಪಾಯಿ. ಬಾರದ 600 ಪೌಚ್‌ಗಳ ಬೆಲೆ 3,600, ಅದರ ತೆರಿಗೆ 648. ಆದ್ದರಿಂದ ಪಡೆಯಬಹುದಾದ ಜಮೆ 4,752 ಮಾತ್ರ. ಸರಿಯಾದ ಲೆಕ್ಕ ಹೀಗಿರಬೇಕು:

ಖರೀದಿ ಖಾತೆಗೆ ಖರ್ಚು: ರೂ. 26,400
ಹೂಡುವಳಿ ತೆರಿಗೆ ಜಮೆ: ರೂ. 4,752
ಮಾರಾಟಗಾರರಿಂದ ಬರಬೇಕಾದದ್ದು: ರೂ. 4,248
ಒಟ್ಟು ಪಾವತಿ: ರೂ. 35,400

ಗುಮಾಸ್ತರು ಪೂರ್ತಿ 5,400 ಜಮೆ ಪಡೆದಿದ್ದರು. ಹೀಗೆ ತಪ್ಪಾಗಿ ಪಡೆದು ಬಳಸಿಕೊಂಡ ಜಮೆಯ ಮೇಲೆ ಶೇ. 18ರ ಬಡ್ಡಿ ಬೀಳುತ್ತದೆ. ಮೊತ್ತ ಇಲ್ಲಿ ಸಣ್ಣದು. ಆದರೆ ಲೆಕ್ಕ ಪರಿಶೋಧನೆಯ ಸಮಯದಲ್ಲಿ ದಾಸ್ತಾನು ಪುಸ್ತಕದಲ್ಲಿ 5,000, ಗೋದಾಮಿನಲ್ಲಿ 4,400 ಎಂದಾದರೆ ಉಳಿದ 600ನ್ನು ಬಿಲ್ಲಿಲ್ಲದೆ ಮಾರಿದಿರಾ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಕೊರತೆಗಾಗಿ ಮಾರಾಟಗಾರನು ಕಲಂ 34ರಡಿ ಕ್ರೆಡಿಟ್ ನೋಟ್ ನೀಡಬೇಕು. ಅದನ್ನು ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಥವಾ ಅವನು ವಾರ್ಷಿಕ ತಖ್ತೆ ಸಲ್ಲಿಸುವುದರೊಳಗೆ, ಯಾವುದು ಮೊದಲೋ ಆಗ ತನ್ನ ತಖ್ತೆಯಲ್ಲಿ ತೋರಿಸಬೇಕು. 2025ರ ಹಣಕಾಸು ಕಾಯಿದೆಯ ತಿದ್ದುಪಡಿಯ ನಂತರ, ಖರೀದಿದಾರನು ತಾನು ಪಡೆದ ಜಮೆಯನ್ನು ಹಿಂದಿರುಗಿಸಿದ್ದರೆ ಮಾತ್ರ ಮಾರಾಟಗಾರನಿಗೆ ತೆರಿಗೆ ಕಡಿತ ದೊರೆಯುತ್ತದೆ. ಆದ್ದರಿಂದ 'ಈ 648 ರೂಪಾಯಿಯ ಜಮೆಯನ್ನು ನಾವು ಪಡೆದಿಲ್ಲ' ಅಥವಾ 'ಹಿಂದಿರುಗಿಸಿದ್ದೇವೆ' ಎಂದು ಪತ್ರದಲ್ಲಿ ಬರೆದರೆ ಕ್ರೆಡಿಟ್ ನೋಟ್ ಪಡೆಯುವುದು ಸುಲಭ. ಮೊದಲೇ ಹಿಂದಿರುಗಿಸಿದ್ದರೆ, ಕ್ರೆಡಿಟ್ ನೋಟ್ ಬಂದ ತಿಂಗಳಲ್ಲಿ ಮತ್ತೊಮ್ಮೆ ಕಡಿತವಾಗದಂತೆ ನೋಡಿಕೊಳ್ಳಬೇಕು. ಹಣ ಮಾತ್ರ ಹಿಂದಿರುಗಿಸಿ ಕ್ರೆಡಿಟ್ ನೋಟ್ ನೀಡದಿರುವ ಮಾರಾಟಗಾರರೂ ಇದ್ದಾರೆ. ಎರಡನ್ನೂ ಕೇಳಿ ಪಡೆಯಬೇಕು. ಸರಕು ದಾರಿಯಲ್ಲಿ ಕಳುವಾಗಿ ನಷ್ಟ ನಮ್ಮ ಪಾಲಿಗೇ ಬಂದರೂ, ಕಲಂ 17(5)(ಎಚ್) ಪ್ರಕಾರ ಅದರ ತೆರಿಗೆ ಜಮೆ ಸಿಗುವುದಿಲ್ಲ.

ಮಾಡಬೇಕಾದ ಕ್ರಮಗಳು

ಆದೇಶ ನೀಡುವ ಮುನ್ನ: ಜಾಹೀರಾತಿನ ಪುಟವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ನಾಳೆ ಆ ಪುಟ ಬದಲಾಗಬಹುದು. ಮಾರಾಟಗಾರನ ಜಿಎಸ್‌ಟಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಿ. ಹೊಸ ಮಾರಾಟಗಾರನಾದರೆ ಮೊದಲು ಸಣ್ಣ ಆದೇಶ ನೀಡಿ ನೋಡಿ.

ಸರಕು ಬಂದ ದಿನ: ಪೆಟ್ಟಿಗೆ ತೆರೆಯುವ ಮುನ್ನ ತೂಗಿ, ಸಾಗಣೆ ಚೀಟಿಯ ತೂಕದೊಡನೆ ಹೋಲಿಸಿ. ಮುದ್ರೆ ಒಡೆದಿದ್ದರೆ ರವಾನೆ ಪುಸ್ತಕದಲ್ಲಿ ಬರೆದೇ ಸಹಿ ಮಾಡಿ, ಇಲ್ಲವೇ ಸ್ವೀಕರಿಸಬೇಡಿ. ಪೆಟ್ಟಿಗೆ ತೆರೆಯುವುದನ್ನು ಚೀಟಿ ಕಾಣುವಂತೆ ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಎಲ್ಲವನ್ನೂ ಎಣಿಸಲಾಗದಿದ್ದರೆ ನೂರನ್ನು ಎಣಿಸಿ ತೂಗಿ, ಒಟ್ಟು ತೂಕದಿಂದ ಸಂಖ್ಯೆಯನ್ನು ಅಂದಾಜು ಮಾಡಿ. ದಾಸ್ತಾನು ಪುಸ್ತಕದಲ್ಲಿ ಬಿಲ್ಲಿನ ಸಂಖ್ಯೆಯನ್ನಲ್ಲ, ಬಂದ ಸಂಖ್ಯೆಯನ್ನು ಬರೆಯಿರಿ.

ಎರಡು ದಿನಗಳೊಳಗೆ: ಜಾಲತಾಣದ ದೂರು ವಿಭಾಗದಲ್ಲಿ ನೋಂದಾಯಿಸಿ, ದೂರಿನ ಸಂಖ್ಯೆ ಪಡೆಯಿರಿ. ಮಾರಾಟಗಾರನಿಗೆ ಇ-ಮೇಲ್ ಕಳುಹಿಸಿ. ದೂರವಾಣಿಯಲ್ಲಿ ಆಡಿದ ಮಾತು ಸಾಕ್ಷ್ಯವಾಗುವುದು ಕಷ್ಟ. ವಿವಾದಿತ ಸರಕನ್ನು ಬಳಸದೆ ಪ್ರತ್ಯೇಕವಾಗಿಡಿ.

ಹದಿನೈದು ದಿನಗಳೊಳಗೆ: ಸಾಲದ ಮೇಲೆ ಕೊಂಡಿದ್ದು, ಮಾರಾಟಗಾರನು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿತನಾಗಿದ್ದರೆ ಈ ಅವಧಿ ಮುಖ್ಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಸರಕು ಬಂದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಒಪ್ಪಿಕೊಂಡಂತೆ ಭಾವಿಸಲಾಗುತ್ತದೆ. ಹಣ ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ನಮ್ಮ ಮೇಲೆ ಬೀಳುತ್ತದೆ.

ಹಣ ಪಾವತಿಯ ವಿಧಾನ: ಕಾರ್ಡ್ ಮೂಲಕ ಪಾವತಿಸಿದ್ದರೆ ಕಾರ್ಡ್ ನೀಡಿದ ಬ್ಯಾಂಕಿಗೆ ಕೂಡಲೇ ಲಿಖಿತ ದೂರು ನೀಡಿ ಹಣ ಮರಳಿಕೆ ಕೋರಬಹುದು. ಇದಕ್ಕೆ ಕಾಲಮಿತಿ ಇರುವುದರಿಂದ ಜಾಲತಾಣದ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬಾರದು. ಮಾರಾಟಗಾರನ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿದ ಹಣಕ್ಕೆ ಇಂತಹ ಆಸರೆ ಕಡಿಮೆ. 'ಜಾಲತಾಣದ ಹೊರಗೆ ಹಣ ಹಾಕಿ, ದರ ಇಳಿಸುತ್ತೇವೆ' ಎಂಬ ಮಾತಿಗೆ ಮರುಳಾಗಬಾರದು.

ಪತ್ರದ ಒಂದು ಮಾದರಿ

ಪತ್ರ ಚಿಕ್ಕದಾಗಿರಲಿ. ಕೋಪದ ಮಾತು ಬೇಡ, ಅಂಕಿಗಳಿರಲಿ. ಉದಾಹರಣೆಗೆ:

'ದಿನಾಂಕ ... ರ ಆದೇಶ ಸಂಖ್ಯೆ ... , ಬಿಲ್ಲು ಸಂಖ್ಯೆ ... ರಂತೆ 100 ಮೈಕ್ರಾನ್ ದಪ್ಪದ 5,000 ಪೌಚ್‌ಗಳಿಗೆ ರೂ. 35,400 ಪಾವತಿಸಿದ್ದೇವೆ. ದಿನಾಂಕ ... ರಂದು ಬಂದ ಸರಕನ್ನು ಅದೇ ದಿನ ಪರೀಕ್ಷಿಸಲಾಗಿ 4,400 ಪೌಚ್‌ಗಳು ಮಾತ್ರ ಇದ್ದು, ದಪ್ಪ 75 ಮೈಕ್ರಾನ್ ಇರುವುದು ಕಂಡುಬಂದಿದೆ. ಇದು ತಮ್ಮ ವಿವರಣೆಗೆ ಹೊಂದದ ಕಾರಣ ಸರಕನ್ನು ತಿರಸ್ಕರಿಸಿದ್ದೇವೆ. ಸರಕನ್ನು ಬಳಸದೆ ತಮ್ಮ ಪರವಾಗಿ ಕಾದಿರಿಸಿದ್ದೇವೆ. 7 ದಿನಗಳೊಳಗೆ ಹಿಂದಕ್ಕೆ ಪಡೆದು, ಪೂರ್ಣ ಹಣ ಮತ್ತು ಕ್ರೆಡಿಟ್ ನೋಟ್ ನೀಡಬೇಕೆಂದು ಕೋರುತ್ತೇವೆ. ಚಿತ್ರಗಳು ಮತ್ತು ತೂಕದ ವಿವರ ಲಗತ್ತಿಸಿದೆ.'

ಸರಕು ತುರ್ತಾಗಿ ಬೇಕಿದ್ದು ಇಟ್ಟುಕೊಳ್ಳುವುದಾದರೆ, 'ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡು, ಇಂತಿಷ್ಟು ಬೆಲೆ ಕಡಿತಕ್ಕೆ ಒಳಪಟ್ಟು ಸ್ವೀಕರಿಸಿದ್ದೇವೆ' ಎಂದು ಬರೆಯಬೇಕು. ತಿರಸ್ಕರಿಸಿದ್ದೇವೆ ಎಂದು ಬರೆದು ಮರುದಿನ ಬಳಸಿದರೆ ಪತ್ರಕ್ಕೆ ಬೆಲೆ ಇರುವುದಿಲ್ಲ.

ಉತ್ತರ ಬಾರದಿದ್ದರೆ

ಅಂಚೆಯ ಮೂಲಕ ವಕೀಲರ ನೋಟೀಸು ಮುಂದಿನ ಹೆಜ್ಜೆ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ವಿವಾದದ ಮೊತ್ತ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಅನ್ವಯಿಸುತ್ತದೆ. ತುರ್ತು ಮಧ್ಯಂತರ ಆದೇಶದ ಅಗತ್ಯವಿಲ್ಲದಿದ್ದಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪು ನೀಡಿದೆ. ಅದಕ್ಕಿಂತ ಕಡಿಮೆ ಮೊತ್ತವಾದರೆ ಸಾಮಾನ್ಯ ಸಿವಿಲ್ ನ್ಯಾಯಾಲಯ.

ಇ-ಮೇಲ್, ಚಿತ್ರ, ವಿಡಿಯೋಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಪ್ರಮಾಣಪತ್ರ ಬೇಕಾಗುತ್ತದೆ. ಆದಕಾರಣ ಮೂಲ ಕಡತಗಳನ್ನು ಅಳಿಸದೆ, ಚಿತ್ರೀಕರಿಸಿದ ಮೊಬೈಲನ್ನು ಮಾರದೆ ಇಟ್ಟುಕೊಳ್ಳುವುದು ಕ್ಷೇಮ.

ಕೊರತೆ ಬೇರೆ, ವಂಚನೆ ಬೇರೆ. ಪೆಟ್ಟಿಗೆಯಲ್ಲಿ ಇಟ್ಟಿಗೆ ಬಂದರೆ, ಹಣ ಪಡೆದವನ ವಿಳಾಸವೇ ಸುಳ್ಳಾಗಿದ್ದರೆ, ಅದು ಸಿವಿಲ್ ವಿವಾದವಲ್ಲ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ಅಪರಾಧ ದೂರು ದಾಖಲಿಸಬೇಕು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ.

ನಾವೇ ಮಾರಾಟಗಾರರಾದಾಗ

ನಮ್ಮ ಸದಸ್ಯರಲ್ಲಿ ಹಲವರು ಇಂದು ಜಾಲತಾಣಗಳಲ್ಲಿ ಮಾರುತ್ತಲೂ ಇದ್ದಾರೆ. ಮೇಲೆ ಹೇಳಿದ ಹಕ್ಕುಗಳೆಲ್ಲ ಆಗ ನಮ್ಮ ಕರ್ತವ್ಯಗಳಾಗುತ್ತವೆ. ಪೊಟ್ಟಣ ಸರಕುಗಳ ಕಾನೂನು ಮಾಪನಶಾಸ್ತ್ರ ನಿಯಮಗಳಡಿ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳನ್ನು 2018ರ ಜನವರಿ 1ರಿಂದ ಜಾಲತಾಣದ ಪುಟದಲ್ಲಿಯೂ ತೋರಿಸಬೇಕಾಗಿದೆ. 200 ಗ್ರಾಂ ಪೊಟ್ಟಣವೊಂದರಲ್ಲಿ 9 ಗ್ರಾಂವರೆಗಿನ ವ್ಯತ್ಯಾಸವನ್ನು ನಿಯಮವು ಸಹಿಸುತ್ತದೆ. ಆದರೆ ಅದು ತುಂಬುವ ಯಂತ್ರದ ಏರುಪೇರಿಗೆ ಕೊಟ್ಟ ರಿಯಾಯಿತಿಯೇ ಹೊರತು, ಪ್ರತಿ ಪೊಟ್ಟಣದಲ್ಲಿಯೂ 9 ಗ್ರಾಂ ಕಡಿಮೆ ತುಂಬಲು ಕೊಟ್ಟ ಅನುಮತಿಯಲ್ಲ. ಸರಾಸರಿ ತೂಕ ಸರಿಯಾಗಿರಲೇಬೇಕು. ರವಾನೆಗೆ ಮುನ್ನ ಪೆಟ್ಟಿಗೆಯನ್ನು ತೂಗಿ, ತೂಕವನ್ನು ಬಿಲ್ಲಿನ ಪ್ರತಿಯ ಮೇಲೆ ಬರೆದಿಟ್ಟರೆ ಸುಳ್ಳು ದೂರುಗಳಿಂದಲೂ ರಕ್ಷಣೆ ದೊರೆಯುತ್ತದೆ.

ಉಪಸಂಹಾರ

ಮೇಲೆ ಹೇಳಿದ ಉದ್ಯಮಿ ಈಗ ಗೋದಾಮಿನ ಬಾಗಿಲಲ್ಲಿ ಒಂದು ತೂಕದ ಯಂತ್ರವನ್ನೂ ಒಂದು ಆವಕ ಪುಸ್ತಕವನ್ನೂ ಇಟ್ಟಿದ್ದಾರೆ. ಎಣಿಸಿ, ತೂಗಿ, ಅಳೆದು, ಆ ಪುಸ್ತಕದಲ್ಲಿ ಇಬ್ಬರು ಸಹಿ ಮಾಡದೆ ಯಾವ ಪೆಟ್ಟಿಗೆಯೂ ಒಳಗೆ ಹೋಗುವುದಿಲ್ಲ, ಯಾವ ಬಿಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಇದರಲ್ಲಿ ಹೊಸತೇನೂ ಇಲ್ಲ. ಲಾರಿ ಆಫೀಸಿನಲ್ಲಿ ಮೂಟೆ ಎಣಿಸುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಕೊಳ್ಳುವ ದಾರಿ ಬದಲಾಗಿದೆ. ಎಣಿಸಿ ತೆಗೆದುಕೊಳ್ಳುವ ಕೆಲಸ ಇಂದಿಗೂ ಕೊಳ್ಳುವವನದೇ ಆಗಿದೆ.